ಚೇಂಬರ್ ಸೋರಿಕೆಗೆ ಯಾವುದು ವಾಸಿ: ಅನಾಬಾಂಡ್, ಪ್ಯಾಕಿಂಗ್, ಎಂ-ಸೀಲ್, ಬಾಟಲಿ ಔಷಧಿ

ತಗಡಿನ ಆಯಿಲ್ ಚೇಂಬರ್ (ಎಂಜಿನ್ ಅಡಿಯಲ್ಲಿ ಎಣ್ಣೆ ನಿಲ್ಲುವ ತಟ್ಟೆ) ಇರುವ ಚಿಕ್ಕ ಕಾರು, ಮನೆ ಮುಂದೆ ಒಂದೆರಡು ದಿನ ಗಾಡಿ ನಿಲ್ಲಿಸುವಷ್ಟು ಜಾಗ, ಇವೆರಡೂ ಇದ್ದರೆ ನನ್ನ ಓಟು, ಹಚ್ಚಿದ ಮೇಲೆ ರಬ್ಬರಿನಂತೆ ಗಟ್ಟಿಯಾಗುವ ಅಂಟಾದ ಆರ್‌ಟಿವಿ ಸಿಲಿಕಾನ್‌ಗೆ. ಟ್ಯೂಬು ಯಾವ ಕಂಪನಿಯದಾದರೂ ಗ್ಯಾರೇಜಿನಲ್ಲಿ ಅದಕ್ಕೆ ಅನಾಬಾಂಡ್ ಅಂತಲೇ ಹೆಸರು. ಮಾರುತಿಯ ಕೆ ಸರಣಿ ಎಂಜಿನ್‌ಗಳಲ್ಲಿ ಚೇಂಬರ್‌ಗೆ ಬೇರೆ ಪ್ಯಾಕಿಂಗ್ (ನಡುವೆ ಕೂರಿಸುವ ರಬ್ಬರ್ ಅಥವಾ ಕಾರ್ಕ್ ಪಟ್ಟಿ) ಇರುವುದಿಲ್ಲ, ಕಾರ್ಖಾನೆಯಲ್ಲೇ ಸೀಲಂಟ್ ಹಚ್ಚಿ ಕೂರಿಸಿರುತ್ತಾರೆ. ಅಂದಮೇಲೆ ಇದು ತೇಪೆ ಕೆಲಸವಲ್ಲ, ಮೂಲ ವಿಧಾನವೇ.

ಆದರೆ ಸೋರುತ್ತಿರುವುದು ಚೇಂಬರ್ ಹೌದೋ ಅಲ್ಲವೋ ಮೊದಲು ನೋಡಿ. ಟ್ಯಾಪೆಟ್ ಕವರ್, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್, ಕ್ರ್ಯಾಂಕ್ ಸೀಲ್ ಎಲ್ಲಿ ಜಿನುಗಿದರೂ ಎಣ್ಣೆ ಕೊನೆಗೆ ಬಂದು ತೊಟ್ಟಿಕ್ಕುವುದು ಚೇಂಬರ್ ಅಂಚಿನಿಂದಲೇ. ಹೊರಗಡೆಯೆಲ್ಲ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಎಂಜಿನ್ ಹದಿನೈದು ನಿಮಿಷ ಓಡಿಸಿ. ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ಕಳ್ಳ. ಡ್ರೈನ್ ಬೋಲ್ಟಿನ ಸುತ್ತ ಮಾತ್ರ ಒದ್ದೆಯಿದ್ದರೆ ಹೊಸ ವಾಷರ್ ಹಾಕಿದರೆ ಸಾಕು, ಮುಂದಿನದ್ದು ಓದುವ ಅಗತ್ಯವೇ ಇಲ್ಲ.

ಎಣ್ಣೆಗೆ ಸುರಿಯುವ ಬಾಟಲಿ ಔಷಧಿ ಈ ಸೋರಿಕೆಗೆ ದಂಡ. ಗಟ್ಟಿಯಾದ ರಬ್ಬರ್ ಸೀಲನ್ನು ಉಬ್ಬಿಸುವುದು ಅದರ ಕೆಲಸ. ಬಿಟ್ಟುಕೊಂಡ ಸಿಲಿಕಾನ್ ಜೋಡಣೆಗೂ ತೂತಾದ ತಗಡಿಗೂ ಅದರಿಂದ ಏನೂ ಆಗದು.

ಎಂ-ಸೀಲ್ ಥರದ ಎಪಾಕ್ಸಿ ಪುಟ್ಟಿಗೆ ಒಂದೇ ಒಂದು ಜಾಗದಲ್ಲಿ ಬೆಲೆ ಇದೆ. ಹಂಪ್‌ಗೋ ಕಲ್ಲಿಗೋ ಬಡಿದು ಚೇಂಬರ್‌ನ ಹೊಟ್ಟೆಯಲ್ಲಿ ಸಣ್ಣ ತೂತು ಬಿದ್ದಾಗ, ಊರು ಮುಟ್ಟುವಷ್ಟು ದೂರಕ್ಕೆ. ಅದಕ್ಕೂ ಎಣ್ಣೆ ಇಳಿಸಬೇಕು, ಪೇಂಟ್ ಹೋಗುವ ತನಕ ಉಪ್ಪುಕಾಗದದಲ್ಲಿ ಉಜ್ಜಬೇಕು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬೇಕು. ಒದ್ದೆ ಲೋಹಕ್ಕೆ ಅದು ಕಚ್ಚುವುದಿಲ್ಲ. ಜೋಡಣೆಯ ಅಂಚಿಗೆ ಹೊರಗಿನಿಂದ ಮೆತ್ತಿದರಂತೂ ಒಳಗಿನಿಂದ ಬರುವ ಎಣ್ಣೆಯೇ ಅದನ್ನು ಎಬ್ಬಿಸುತ್ತದೆ.

ಕಾರ್ಕ್ ಅಥವಾ ರಬ್ಬರ್ ಪ್ಯಾಕಿಂಗ್ ಮೊದಲಿನಿಂದಲೂ ಇದ್ದ ಎಂಜಿನ್‌ಗೆ ಅದೇ ಸರಿ. ಇಲ್ಲದ ಎಂಜಿನ್‌ಗೆ ಶೀಟ್ ಕತ್ತರಿಸಿ ಹಾಕುವ ಅಭ್ಯಾಸ ನನಗೆ ಒಗ್ಗುವುದಿಲ್ಲ. ಕಾರ್ಕ್ ಬಿಸಿಗೆ ಕುಗ್ಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಮತ್ತೆ ಬಿಗಿಯುತ್ತೀರಿ, ಪ್ಯಾಕಿಂಗ್ ಹೊರಗೆ ಹಿಂಡಿಕೊಂಡು ಸೀಳುತ್ತದೆ. ‘ಭದ್ರವಾಗಿರಲಿ’ ಅಂತ ರಬ್ಬರ್ ಪ್ಯಾಕಿಂಗ್‌ನ ಉದ್ದಕ್ಕೂ ಸಿಲಿಕಾನ್ ಬಳಿಯುವವರಿದ್ದಾರೆ. ಹಸಿ ಸಿಲಿಕಾನ್ ಜಾರುತ್ತದೆ, ಬಿಗಿಯುವಾಗ ಪ್ಯಾಕಿಂಗ್ ಜಾಗ ಬಿಟ್ಟು ಸರಿಯುತ್ತದೆ.

ಇನ್ನು ಸಿಲಿಕಾನ್. ಟ್ಯೂಬಿನ ಮೇಲೆ ಎಂಜಿನ್ ಎಣ್ಣೆ ತಡೆಯುತ್ತದೆ, ಆಕ್ಸಿಜನ್ ಸೆನ್ಸರ್‌ಗೆ ತೊಂದರೆ ಇಲ್ಲ ಎಂದಿರಬೇಕು. ಹಿಂಡಿದಾಗ ವಿನೆಗರ್ ವಾಸನೆ ಬಂದರೆ ಅದನ್ನು ಬಾತ್‌ರೂಮ್ ಸಂದಿಗೆ ಇಟ್ಟುಕೊಳ್ಳಿ.

ಚೇಂಬರ್ ಬಿಚ್ಚುವುದು ಹತ್ತರ ಸ್ಪ್ಯಾನರ್ ಕೆಲಸ. ಎಕ್ಸಾಸ್ಟ್ ಪೈಪ್ ಅಡ್ಡ ಬರುವ ಗಾಡಿಗಳಲ್ಲಿ ಮೊದಲು ಅದನ್ನು ಇಳಿಸಬೇಕು. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ, ಹಾಲೋ ಬ್ಲಾಕ್ ಇಟ್ಟುಕೊಂಡಂತೂ ಬೇಡವೇ ಬೇಡ. ಜಾಕ್ ಸ್ಟ್ಯಾಂಡ್ ಬೇಕು. ಬೋಲ್ಟೆಲ್ಲ ಬಿಚ್ಚಿದರೂ ಚೇಂಬರ್ ಅಲುಗುವುದಿಲ್ಲ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ತಗಡು ಸೊಟ್ಟಗಾಗುತ್ತದೆ, ಅಲ್ಯೂಮಿನಿಯಂ ಎಂಜಿನ್ ಬ್ಲಾಕ್‌ಗೆ ಗೀರು ಬೀಳುತ್ತದೆ. ಪೇಂಟರ್‌ಗಳ ತೆಳು ಪಟ್ಟಿಯನ್ನು ಮೆಲ್ಲಗೆ ಬಡಿದು ಒಳಗೆ ಇಳಿಸಿ, ಪಕ್ಕಕ್ಕೆ ಬಡಿಯುತ್ತಾ ಸುತ್ತಲೂ ಹಳೆ ಸಿಲಿಕಾನ್ ಕೊಯ್ಯಿರಿ.

ನಿಜವಾದ ಕಾಟ ಶುರುವಾಗುವುದು ಇಲ್ಲಿಂದ. ಹಳೆಯದ್ದನ್ನೆಲ್ಲ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಬ್ಲಾಕ್‌ನ ಅಂಚನ್ನು ಫಳಫಳ ಒರೆಸಿ, ಟ್ಯೂಬಿನ ಮೂತಿ ಕತ್ತರಿಸುವಷ್ಟರಲ್ಲಿ ಅಂಚಿನ ಮೇಲೆ ಎಣ್ಣೆಯ ಸಣ್ಣ ಮಣಿಗಳು ಮತ್ತೆ ಸಾಲುಗಟ್ಟಿರುತ್ತವೆ. ಕ್ರ್ಯಾಂಕ್, ಬೇರಿಂಗ್, ಸಿಲಿಂಡರ್ ಗೋಡೆಗಳಿಗೆ ಅಂಟಿದ ಎಣ್ಣೆ ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ. ಆ ಪೊರೆಯ ಮೇಲೆ ಎಳೆದ ಸಿಲಿಕಾನ್ ತಗಡಿಗೆ ಅಂಟುತ್ತದೆ, ಬ್ಲಾಕ್‌ಗೆ ಅಂಟುವುದಿಲ್ಲ. ‘ಅನಾಬಾಂಡ್ ಹಾಕಿದೆ, ತಿಂಗಳಿಗೇ ಮತ್ತೆ ಸೋರಿತು’ ಎನ್ನುವ ದೂರು ಬಹುಪಾಲು ಈ ಪೊರೆಯಿಂದಲೇ ಹುಟ್ಟಿದ್ದು. ಬೈಗುಳ ಮಾತ್ರ ಟ್ಯೂಬಿಗೆ.

ಬ್ರೇಕ್ ಕ್ಲೀನರ್ ಮೇಲ್ಮುಖವಾಗಿ ಸಿಂಪಡಿಸಿದರೆ ಕೆಲಸ ಇನ್ನಷ್ಟು ಕೆಡುತ್ತದೆ, ಒಳಗಿನ ಎಣ್ಣೆಯೂ ತೊಳೆದುಕೊಂಡು ಕೆಳಗೆ ಬರುತ್ತದೆ. ಎಂಜಿನ್ ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ, ಫಿಲ್ಟರ್ ತೆಗೆದು, ಚೇಂಬರ್ ಬಿಚ್ಚಿ, ಕೆಳಗೆ ಅಗಲವಾದ ಟ್ರೇ ಇಟ್ಟು ರಾತ್ರಿಯಿಡೀ ಬಿಡಿ. ಧೂಳು ಏಳದ ಹಾಗೆ ಸುತ್ತ ಹಳೆ ಚೀಲ ಮುಚ್ಚಿ. ಬೆಳಿಗ್ಗೆ ಕ್ಲೀನರ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಅಂಚು ಒರೆಸಿ, ಬಿಳಿ ಟಿಶ್ಯೂ ಕಾಗದ ಎಳೆದು ನೋಡಿ. ಕಲೆ ಬಾರದಿದ್ದರೆ ಮಾತ್ರ ಮುಂದಕ್ಕೆ. ಬೋಲ್ಟ್ ತೂತುಗಳೊಳಗೂ ಬಟ್ಟೆ ಸುತ್ತಿದ ಕಡ್ಡಿ ಆಡಿಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಬಿಗಿಯಾದಂತೆ ಕಾಣುತ್ತದೆ, ಆದರೆ ಚೇಂಬರ್ ಒತ್ತಿರುವುದಿಲ್ಲ.

ಚೇಂಬರ್ ಅಂಚನ್ನು ಗ್ರಾನೈಟ್ ಕಲ್ಲಿನ ಮೇಲೆ ಬೋರಲು ಇಟ್ಟು ಬೆಳಕು ನುಸುಳುತ್ತದಾ ನೋಡಿ. ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದರೆ ಪ್ರತಿ ಬೋಲ್ಟ್ ತೂತಿನ ಸುತ್ತ ಗುಳಿಯಿರುತ್ತದೆ. ಮರದ ತುಂಡಿನ ಮೇಲೆ ಒರಗಿಸಿ ಗುಂಡು ಸುತ್ತಿಗೆಯಲ್ಲಿ ಮಟ್ಟ ಮಾಡಿ.

ಚೇಂಬರ್ ಅಂಚಿನ ಮೇಲೆ ಸಿಲಿಕಾನ್ ಎಳೆ 3 ಮಿಲಿಮೀಟರ್ ದಪ್ಪ, ತೂತುಗಳ ಒಳಬದಿಯಿಂದ, ಎಲ್ಲೂ ತುಂಡಾಗದಂತೆ. ಬ್ಲಾಕ್‌ಗೆ ಟೈಮಿಂಗ್ ಕವರ್ (ಟೈಮಿಂಗ್ ಚೈನಿನ ಮುಚ್ಚಳ) ಸೇರುವ ಮೂಲೆಗಳಲ್ಲಿ ಒಂದು ಚುಕ್ಕಿ ಹೆಚ್ಚು. ಜಾಸ್ತಿ ಹಾಕಿದರೆ ಒಳಗೆ ಹಿಂಡಿದ ತುಣುಕು ಕಳಚಿ, ಎಣ್ಣೆ ಹೀರುವ ಬಾಯಿಯ ಜಾಲರಿಗೆ, ಅಂದರೆ ಸ್ಟ್ರೈನರ್‌ಗೆ ಸಿಕ್ಕಿಕೊಳ್ಳುತ್ತದೆ, ಎಣ್ಣೆ ಪಂಪಿಗೆ ಉಸಿರು ಕಟ್ಟುತ್ತದೆ. ಸೋರಿಕೆಗಿಂತ ಅದು ದುಬಾರಿ.

ಎಳೆದ ಐದು ನಿಮಿಷದೊಳಗೆ ಚೇಂಬರ್ ನೇರಕ್ಕೆ ಮೇಲೆತ್ತಿ ಕೂರಿಸಿ, ಅತ್ತಿತ್ತ ಜಾರಿಸಬೇಡಿ. ಕೆಲವು ಟ್ಯೂಬಿನ ಮೇಲೆ ಕೈಬಿಗಿ ಮಾಡಿ ಒಂದು ಗಂಟೆ ಬಿಟ್ಟು ಪೂರ್ತಿ ಬಿಗಿಯಿರಿ ಎಂದಿರುತ್ತದೆ. ಗಾಡಿಯ ಕೈಪಿಡಿಗಳು ಒಮ್ಮೆಗೇ ಬಿಗಿಯಲು ಹೇಳುತ್ತವೆ. ನಾನು ಕೈಪಿಡಿಯ ಕಡೆ. ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ. ಈ 6 ಮಿ.ಮೀ. ಬೋಲ್ಟ್‌ಗಳಿಗೆ ಸುಮಾರು 10–11 ನ್ಯೂಟನ್ ಮೀಟರ್ ಸಾಕು. ಉದ್ದ ಹಿಡಿಯ ರ‍್ಯಾಚೆಟ್ ಹಿಡಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಆಮೇಲೆ 24 ಗಂಟೆ ಎಣ್ಣೆ ಸುರಿಯಬೇಡಿ. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮಂಗಳೂರಿನ ಜುಲೈಯಲ್ಲಿ ಬೇಗ, ರಾಯಚೂರಿನ ಏಪ್ರಿಲ್‌ನಲ್ಲಿ ನಿಧಾನ.

ತುಕ್ಕು ತಿಂದ ಅಥವಾ ಆಳವಾಗಿ ನೆಗ್ಗಿದ ಚೇಂಬರ್‌ಗೆ ಇಷ್ಟೆಲ್ಲ ಮಾಡುವುದಕ್ಕಿಂತ ಹೊಸದೇ ತನ್ನಿ. ನೆಗ್ಗು ಒಳಗಿನ ಸ್ಟ್ರೈನರ್‌ಗೆ ತಾಗುತ್ತಿದ್ದರೆ ಎರಡನೇ ಯೋಚನೆ ಬೇಡ.

ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವ ಹೊತ್ತಿಗೇ ಈ ಕೆಲಸ ಇಟ್ಟುಕೊಂಡರೆ ಹೆಚ್ಚಿನ ಖರ್ಚು ಒಂದು ಟ್ಯೂಬು, ಒಂದು ವಾಷರ್, ಒಂದು ಡಬ್ಬಿ ಕ್ಲೀನರ್ ಅಷ್ಟೇ. ದಿನಾ ಆಫೀಸಿಗೆ ಅದೇ ಗಾಡಿ ಬೇಕು, ಎರಡು ದಿನ ನಿಲ್ಲಿಸಲಾಗದು ಎನ್ನುವವರು ಗ್ಯಾರೇಜಿಗೆ ಕೊಡಲಿ. ಆದರೆ ಕೊಡುವಾಗ, ಸಂಜೆಯೇ ಗಾಡಿ ಬೇಕು ಅಂತ ಅವಸರ ಮಾಡಬೇಡಿ.