ಕತ್ತಲೆ ಕಳೆದುಕೊಂಡ ‘ಸಂಸ್ಕಾರ’: ಒಂದು ಡಿವಿಡಿಯ ವಿಮರ್ಶೆ

ರಾಯಚೂರಿನ ತೀನ್ ಕಂದೀಲ್ ಬಳಿಯ ಹಳೆಯ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕಳೆದ ತಿಂಗಳು ‘ಸಂಸ್ಕಾರ’ ಚಿತ್ರದ ಡಿವಿಡಿ ಸಿಕ್ಕಿತು. ಅಂಗಡಿ ಈಗ ಮೊಬೈಲ್ ರೀಚಾರ್ಜ್ ಮತ್ತು ಚಾರ್ಜರುಗಳ ಮಾರಾಟದಿಂದ ನಡೆಯುತ್ತಿದೆ. ಡಿವಿಡಿಗಳು ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಉಳಿದಿದ್ದವು. ಒಂದೇ ಡಿಸ್ಕಿನಲ್ಲಿ ಮೂರು ಚಿತ್ರಗಳಿದ್ದು, ಬೆಲೆ 50 ರೂಪಾಯಿ. ಕಾದಂಬರಿಯನ್ನು ಹಲವು ಸಲ ಓದಿರುವ ನಾನು ಚಿತ್ರವನ್ನು ಒಮ್ಮೆ ಮಾತ್ರ, ಅದೂ ಬಹಳ ಹಿಂದೆ, ನೋಡಿದ್ದೆನಾದ್ದರಿಂದ ಎರಡನೆಯ ಯೋಚನೆಯಿಲ್ಲದೆ ಕೊಂಡೆ.

ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ 1965ರಲ್ಲಿ ಪ್ರಕಟವಾದಾಗಲೇ ವಾದ ಎಬ್ಬಿಸಿತ್ತು. ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿದ ನಾರಣಪ್ಪ ಸತ್ತಾಗ ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯಿಂದ ಹೊರಟು, ಉತ್ತರ ಹುಡುಕಬೇಕಾದ ಪ್ರಾಣೇಶಾಚಾರ್ಯರ ಬದುಕನ್ನೇ ಅದು ಅಲುಗಾಡಿಸುತ್ತದೆ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಚಿತ್ರವಾಗಿಸಿದಾಗ ಮದರಾಸಿನ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿತು. ಮುಂದೆ ನಿಷೇಧ ತೆರವಾಗಿ, ಅದೇ ಚಿತ್ರ 1970ರ ಸಾಲಿನ ರಾಷ್ಟ್ರಪತಿ ಚಿನ್ನದ ಪದಕವನ್ನೂ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಇಂಥ ಹಿನ್ನೆಲೆಯ ಚಿತ್ರವನ್ನು ಮನೆಗೆ ತರುವ ಡಿಸ್ಕಿನಿಂದ ನಾನು ಬಯಸಿದ್ದು ಎರಡೇ: ಏನನ್ನೂ ಕತ್ತರಿಸಿರಬಾರದು, ಮುಖಗಳು ಕಾಣಬೇಕು.

ಮೊದಲನೆಯದರ ಬಗ್ಗೆ ಆರಂಭದಲ್ಲಿ ಅನುಮಾನವೇ ಹುಟ್ಟಿತು. ಚಿತ್ರದ ಅವಧಿ ಸುಮಾರು 113 ನಿಮಿಷ; ಈ ಡಿಸ್ಕಿನಲ್ಲಿ ಅದು 108 ನಿಮಿಷ ದಾಟುತ್ತಿದ್ದಂತೆ ಮುಗಿಯುತ್ತದೆ. ಒಮ್ಮೆ ನಿಷೇಧಕ್ಕೆ ಒಳಗಾದ ಚಿತ್ರದಲ್ಲಿ ನಾಲ್ಕೂವರೆ ನಿಮಿಷ ಕಾಣೆಯಾದರೆ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಂತೆ. ನಮ್ಮ ದೇಶದ ಟಿವಿ ಮತ್ತು ಡಿವಿಡಿಗಳು ಅನುಸರಿಸುವ ಪಾಲ್ ಪದ್ಧತಿಯಲ್ಲಿ ಅದು 25. ಒಂದೊಂದು ಚೌಕಟ್ಟನ್ನೂ ಹಾಗೆಯೇ ವರ್ಗಾಯಿಸಿದರೆ ಇಡೀ ಚಿತ್ರ ಶೇಕಡಾ 4ರಷ್ಟು ವೇಗವಾಗಿ ಓಡುತ್ತದೆ, 113 ನಿಮಿಷ ಹೆಚ್ಚುಕಡಿಮೆ 108 ಆಗುತ್ತದೆ. ಇಲ್ಲಿ ಕತ್ತರಿ ಆಡಿಲ್ಲ ಎಂದು ತಿಳಿದು ಸಮಾಧಾನವಾಯಿತು.

ಆ ಸಮಾಧಾನ ಸಂಗೀತ ಕೇಳುವವರೆಗೆ ಮಾತ್ರ ಉಳಿಯಿತು. ವೇಗ ಏರಿದರೆ ಶ್ರುತಿಯೂ ಏರುತ್ತದೆ. ಇಷ್ಟು ವೇಗಕ್ಕೆ ಅರ್ಧ ಸ್ವರದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು. ಚಿತ್ರದ ಸಂಗೀತ ರಾಜೀವ ತಾರಾನಾಥರದು. ಅವರ ತಂದೆ ಪಂಡಿತ ತಾರಾನಾಥರು ನಮ್ಮ ಊರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದವರು, ಆದ್ದರಿಂದ ರಾಯಚೂರಿನವರಿಗೆ ಆ ಹೆಸರಿನ ಮೇಲೆ ಮನೆಯವರ ಅಭಿಮಾನವಿದೆ. ಪಿಸುಮಾತಿನಂತೆ ಬರಬೇಕಾದ ನಾದವು ಸ್ವಲ್ಪ ಅವಸರದಲ್ಲಿ, ಸ್ವಲ್ಪ ತೆಳುವಾಗಿ ಕೇಳಿಸಿದಾಗ ನನಗೆ ನಿಜವಾಗಿಯೂ ನೋವಾಯಿತು. ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರ ಧ್ವನಿಯೂ ತುಸು ಎಳೆಯದಾಗಿ ಕೇಳುತ್ತದೆ.

ದೊಡ್ಡ ನಷ್ಟ ಆಗಿರುವುದು ಚಿತ್ರಿಕೆಯಲ್ಲಿ. ಸಾಮಾನ್ಯ ಡಿವಿಡಿಯ ಸಾಮರ್ಥ್ಯ 4.7 ಗಿಗಾಬೈಟ್. ಒಂದೇ ಚಿತ್ರವನ್ನು ಅದರಲ್ಲಿ ತುಂಬಿದರೆ ಈ ಅವಧಿಗೆ ಸೆಕೆಂಡಿಗೆ 5 ಮೆಗಾಬಿಟ್‌ಗೂ ಹೆಚ್ಚು ಮಾಹಿತಿ ದೊರೆಯುತ್ತದೆ. ಮೂರು ಚಿತ್ರಗಳನ್ನು ತುರುಕಿದರೆ ಒಂದೊಂದರ ಪಾಲು 2 ಮೆಗಾಬಿಟ್‌ಗೂ ಕೆಳಗಿಳಿಯುತ್ತದೆ. ಹಿಂದಿನ ವಿಸಿಡಿಯಲ್ಲಿ ಅದು ಸುಮಾರು 1.15 ಇತ್ತು ಎಂಬುದನ್ನು ನೆನೆದರೆ, ಡಿವಿಡಿ ಎಂಬ ಹೆಸರಿಗೆ ನಾವು ಪಡೆದ ಹೆಚ್ಚಳ ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಹಗಲಿನ ದೃಶ್ಯಗಳು ಇದನ್ನು ಹೇಗೋ ತಾಳಿಕೊಳ್ಳುತ್ತವೆ. ಕತ್ತಲೆಯ ದೃಶ್ಯಗಳು ತಾಳವು. ಮಾರುತಿಯ ಗುಡಿಯಿಂದ ಉತ್ತರವಿಲ್ಲದೆ ಮರಳುವ ಆಚಾರ್ಯರಿಗೆ ನಾರಣಪ್ಪನ ಸಂಗಾತಿ ಚಂದ್ರಿ ಎದುರಾಗುವ ಕಾಡಿನ ಭಾಗದಲ್ಲಿ ಬೂದು ಬಣ್ಣದ ಹತ್ತಾರು ಛಾಯೆಗಳು ಸೇರಿ ಒಂದೇ ಮಸಿಯಾಗಿವೆ, ಅದರೊಳಗೆ ಚೌಕಚೌಕ ಕಲೆಗಳು ಮಿಸುಕುತ್ತವೆ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೋವನ್ ಕಪ್ಪು-ಬಿಳುಪಿನಲ್ಲಿ ಮಾಡಿದ ಕೆಲಸ, ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರ ಮುಖದ ಮೇಲಿನ ಭಾವ, ಎರಡೂ ಅಲ್ಲಿ ಮುಳುಗಿಹೋಗಿವೆ. ಕಾದಂಬರಿಯನ್ನು ಒಪ್ಪದವರು ಬೊಟ್ಟು ಮಾಡಿದ್ದು ಇದೇ ಪ್ರಸಂಗವನ್ನು. ಆ ಕ್ಷಣದಲ್ಲಿ ಆಚಾರ್ಯರೊಳಗೆ ಏನಾಯಿತು ಎಂಬುದನ್ನು ಚಿತ್ರ ಮಾತಿನಿಂದ ಹೇಳುವುದಿಲ್ಲ, ಮುಖದಿಂದ ಹೇಳುತ್ತದೆ. ಮುಖವೇ ಕಾಣದಿದ್ದರೆ ನೋಡುಗನಿಗೆ ಉಳಿಯುವುದು ‘ಏನು ನಡೆಯಿತು’ ಎಂಬ ವರದಿ ಮಾತ್ರ, ಮತ್ತು ಅಂಥ ವರದಿಯಿಂದಲೇ ಕೃತಿಯ ಮೇಲಿನ ತಪ್ಪು ತೀರ್ಪುಗಳು ಹುಟ್ಟುವುದು.

ಇದನ್ನು ಅಂಗಡಿಯವರ ಹತ್ತಿರ ಹೇಳಿದೆ. “ಹಳೇ ಪಿಚ್ಚರ್ ಹಿಂಗೇ ಇರ್ತಾವ್ರಿ ಸರ್” ಎಂದರು. ತಪ್ಪು ಅವರದಲ್ಲ, ಡಿಸ್ಕ್ ತಯಾರಿಸಿದವರದು. ಆದರೆ ಆ ಮಾತನ್ನು ನಾನು ಒಪ್ಪಲಾರೆ. ಅನಂತಮೂರ್ತಿಯವರದೇ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಇತರ ಸಂಸ್ಥೆಗಳು ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಹಳೆಯ ಫಿಲ್ಮ್ ತಾನಾಗಿಯೇ ಮಸುಕಲ್ಲ. ಮೂಲ ನೆಗೆಟಿವ್ ಬಿಟ್ಟು ಸವೆದ ಪ್ರತಿಯಿಂದ ಅಗ್ಗದ ವರ್ಗಾವಣೆ ಮಾಡಿದಾಗ ಅದು ಮಸುಕಾಗುತ್ತದೆ.

ಇಂಗ್ಲಿಷ್ ಅಡಿಬರಹಗಳು ಚಿತ್ರದ ಮೇಲೆಯೇ ಅಚ್ಚಾಗಿವೆ, ತೆಗೆಯಲು ಬರುವುದಿಲ್ಲ. ನಾರಣಪ್ಪನಾಗಿ ಪಿ. ಲಂಕೇಶರು ಆಡುವ ಮಾತಿನ ಮೊನಚು ಅವುಗಳಲ್ಲಿ ಬಂದಿಲ್ಲ.

ಇಷ್ಟಾದರೂ ಚಿತ್ರವನ್ನು ನೋಡಿಯೇ ಇಲ್ಲದವರು ಈ ಡಿಸ್ಕನ್ನು ಕೊಳ್ಳಬಹುದು. ಟಿವಿಯ ಅಳತೆಯನ್ನು 4:3ಕ್ಕೆ ಇಡಿ, ಇಲ್ಲದಿದ್ದರೆ ಮುಖಗಳೆಲ್ಲ ಅಗಲವಾಗುತ್ತವೆ. ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಕೋಣೆಯ ದೀಪ ಆರಿಸಿ. ಕಂಪ್ಯೂಟರಿನಲ್ಲಿ ನೋಡುವವರು ವೇಗವನ್ನು 0.96ಕ್ಕೆ ತಂದು, ವೇಗ ಬದಲಾದರೂ ಶ್ರುತಿಯನ್ನು ಹಿಡಿದಿಡುವ ಆಯ್ಕೆಯನ್ನು ನಿಲ್ಲಿಸಿದರೆ ಸಂಗೀತ ತನ್ನ ಶ್ರುತಿಗೆ ಮರಳುತ್ತದೆ. ನಾನು ಎರಡನೆಯ ಸಲ ಹಾಗೆಯೇ ನೋಡಿದೆ. ಕಾಡಿನ ದೃಶ್ಯ ಆಗಲೂ ಕಾಣಲಿಲ್ಲ. ಸಂಗೀತ ಮಾತ್ರ ಸರಿಯಾಗಿ ಕೇಳಿತು.