ಹಾಸಿಗೆಯ ಬಳಿ ಓದಲು ದೊಡ್ಡ ಅಕ್ಷರದ ಸತ್ಯವೇದ: ಮೂರು ತಿಂಗಳ ಬಳಕೆಯ ನಂತರ

ಮಂಜೇಶ್ವರದ ನಮ್ಮ ಮನೆಯಲ್ಲಿ ದೊಡ್ಡಪ್ಪ ಹಾಸಿಗೆ ಹಿಡಿದಾಗ, ಹಳೆಯ ಸತ್ಯವೇದದ ಅಕ್ಷರಗಳು ಅವರಿಗಿರಲಿ, ಓದಿ ಹೇಳಬೇಕಾದ ನನಗೂ ಕಾಣದಷ್ಟು ಸಣ್ಣವಾಗಿದ್ದುದರಿಂದ, ಮಂಗಳೂರಿನ ಅಂಗಡಿಯೊಂದರಿಂದ ದೊಡ್ಡ ಅಕ್ಷರದ ಪ್ರತಿಯನ್ನು ತಂದೆ. ಮನೆಯ ಮಕ್ಕಳು ಮಲಯಾಳ ಮಾಧ್ಯಮದವರಾದ್ದರಿಂದ ಕನ್ನಡ ಓದುವ ಹೊಣೆ ನನ್ನ ಪಾಲಿಗೇ ಬಂತು.

ಅಕ್ಷರದ ಗಾತ್ರದ ಬಗ್ಗೆ ದೂರಿಲ್ಲ. ಆದರೆ ಅಕ್ಷರವನ್ನು ಹಿಗ್ಗಿಸಿದವರು ಸಾಲುಗಳ ನಡುವಿನ ಜಾಗವನ್ನು ಹಿಗ್ಗಿಸಿಲ್ಲವಾದ್ದರಿಂದ, ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಯೇಸುವಿನ ಮಾತುಗಳನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿರುವುದು ಹಗಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದ ಸಂಜೆ ಕರೆಂಟು ಹೋಗಿ ಎಮರ್ಜೆನ್ಸಿ ದೀಪ ಹಚ್ಚಿದೆವೋ, ಯಾವ ಮಾತು ಮೊದಲು ಕಾಣಬೇಕಿತ್ತೋ ಅದೇ ಮಸುಕಾಗುತ್ತದೆ.

ದೊಡ್ಡಪ್ಪ ಕೇಳುತ್ತಿದ್ದುದು ಹೆಚ್ಚಾಗಿ ಲೂಕನ 23ನೆಯ ಅಧ್ಯಾಯವನ್ನೇ. ಗಟ್ಟಿಯಾಗಿ ಓದುವಾಗ ಒಂದು ವಿಷಯ ನನ್ನ ಗಮನಕ್ಕೆ ಬಂತು: ಶಿಲುಬೆಗೆ ಹಾಕಿದವರನ್ನು ಯೇಸು ‘ನಾನು ಕ್ಷಮಿಸಿದ್ದೇನೆ’ ಎನ್ನುವುದಿಲ್ಲ, ಅವರನ್ನು ಕ್ಷಮಿಸೆಂದು ತಂದೆಯನ್ನು ಬೇಡುತ್ತಾನೆ, ಅದೂ ಅವರಲ್ಲಿ ಒಬ್ಬರೂ ಕ್ಷಮೆ ಕೇಳುವ ಮೊದಲೇ. ಈ ವಾಕ್ಯ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿಲ್ಲ ಎಂಬುದಕ್ಕೆ ಇಲ್ಲೊಂದು ಅಡಿಟಿಪ್ಪಣಿ ಇರಬೇಕಿತ್ತು, ಇಲ್ಲ.

ಅಂಚಿನ ಉಲ್ಲೇಖಗಳು ಮಾತ್ರ ಈ ಪ್ರತಿಯ ನಿಜವಾದ ಆಸ್ತಿ. ಕಲ್ಲೆಸೆತಕ್ಕೆ ಸಾಯುತ್ತಾ ಮೊಣಕಾಲೂರಿ ‘ಈ ಪಾಪವನ್ನು ಇವರ ಮೇಲೆ ಹೊರಿಸಬೇಡ’ ಎಂದು ಮೊರೆಯಿಟ್ಟ ಸ್ತೆಫನನ ಕಥೆಯಿಂದ (ಅಪೊಸ್ತಲರ ಕೃತ್ಯಗಳು 7:60) ಅವು ನನ್ನನ್ನು 2 ಪೂರ್ವಕಾಲವೃತ್ತಾಂತದ 24ನೆಯ ಅಧ್ಯಾಯಕ್ಕೆ ಕರೆದೊಯ್ದವು. ಅಲ್ಲಿ ದೇವಾಲಯದ ಪ್ರಾಕಾರದಲ್ಲಿ ಅದೇ ರೀತಿ ಕಲ್ಲೆಸೆತಕ್ಕೆ ಸಾಯುವ ಜೆಕರ್ಯ, ಕರ್ತನೇ ಇದನ್ನು ನೋಡಿ ವಿಚಾರಿಸಿಕೊಳ್ಳಲಿ ಎನ್ನುತ್ತಾನೆ. ದೊಡ್ಡಪ್ಪನಿಗೆ ಜೆಕರ್ಯನೇ ಹೆಚ್ಚು ಹಿಡಿಸಿದ. ಮರಣಶಯ್ಯೆಯಲ್ಲಿದ್ದ ಅರಸ ದಾವೀದ, ಹಿಂದೆ ತನ್ನನ್ನು ಶಪಿಸಿದ್ದರೂ ತಾನು ಕೊಲ್ಲುವುದಿಲ್ಲವೆಂದು ಆಣೆಯಿಟ್ಟು ಬಿಟ್ಟಿದ್ದ ಶಿಮ್ಮಿಯ ಲೆಕ್ಕವನ್ನು ಮಗ ಸೊಲೊಮೋನನಿಗೆ ಒಪ್ಪಿಸುವ ಭಾಗವನ್ನು (1 ಅರಸುಗಳು 2) ನಾನು ದಾಟಿಸಲು ನೋಡಿದರೆ, ಅವರೇ ತಡೆದು ಓದಿಸಿದರು. ಅಡಿಕೆತೋಟದ ಗಡಿಯ ವಿಷಯವಾಗಿ ಚಿಕ್ಕಪ್ಪನೊಡನೆ ಅವರು ಮಾತು ಬಿಟ್ಟು ವರ್ಷಗಳಾಗಿದ್ದವು.

ಅನುವಾದದ ಹಳೆಯ ಗದ್ಯ ಕಣ್ಣಿಗಿಂತ ಕಿವಿಗೆ ಹಿತ. ಯೇಸುವಿನ ಕೊನೆಯ ದಿನದ ಮೇಲೆಯೇ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದ ಗೋವಿಂದ ಪೈಗಳ ಊರಿನವರಾದ ನಮಗೆ ಈ ವಸ್ತು ಕನ್ನಡದಲ್ಲಿ ಪರಕೀಯವೆನಿಸುವುದೂ ಇಲ್ಲ. ಪಕ್ಕದ ಶಿಲುಬೆಯ ಕಳ್ಳ ಕ್ಷಮಿಸೆನ್ನದೆ ತನ್ನನ್ನು ನೆನೆಸಿಕೊಳ್ಳೆಂದಷ್ಟೇ ಬೇಡಿದಾಗ ಅವನಿಗೆ ಸಿಗುವ ‘ಪರದೈಸು’ ಎಂಬ ಪದವನ್ನು ಕೇಳಿ, ಮಲಯಾಳದ ‘ಪರುದೀಸ’ ಇದೇ ಅಲ್ಲವೇ ಎಂದು ಮೊಮ್ಮಗಳು ವಿಚಾರಿಸಿದಳು. ಕನ್ನಡದ್ದು ಗ್ರೀಕಿನ ಮೂಲಕ, ಮಲಯಾಳದ್ದು ಸುರಿಯಾನಿಯ ಮೂಲಕ ಬಂದದ್ದು, ಹಿಂದೆ ಹೋದರೆ ಎರಡಕ್ಕೂ ಮೂಲ ಗೋಡೆ ಸುತ್ತಿದ ತೋಟವೆಂಬ ಪ್ರಾಚೀನ ಇರಾನಿ ಪದ, ಎಂದು ನಾನು ವಿವರಿಸುತ್ತಿದ್ದಂತೆ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ, ‘ಅಲ್ಲಿಯೂ ಗಡಿ ಉಂಟೋ’ ಎಂದರು.

ಮರುವಾರ ಅವರೇ ಹೇಳಿ ಕಳುಹಿಸಿ ಚಿಕ್ಕಪ್ಪನನ್ನು ಕರೆಸಿದರು. ತೋಟದ ಮಾತು ಇಬ್ಬರೂ ಎತ್ತಲಿಲ್ಲ. ಅಂದಿನ ಅಧ್ಯಾಯವನ್ನು ಚಿಕ್ಕಪ್ಪನೇ, ಕನ್ನಡಕವಿಲ್ಲದೆ, ಓದಿದರು; ದೊಡ್ಡ ಅಕ್ಷರಕ್ಕೆ ನಾನು ಪೂರ್ಣ ಅಂಕ ಕೊಡಲು ಅದೂ ಒಂದು ಕಾರಣ. ದೊಡ್ಡಪ್ಪ ಆ ತಿಂಗಳ ಕೊನೆಯಲ್ಲಿ ತೀರಿಕೊಂಡರು.

ಇಷ್ಟು ಭಾರದ ಪುಸ್ತಕಕ್ಕೆ ಇಂಥ ಸಡಿಲ ಹೊಲಿಗೆ ಸಲ್ಲದು. ಎರಡನೆಯ ತಿಂಗಳಲ್ಲೇ ಲೂಕನ ಪುಟಗಳು ಬೆನ್ನಿನಿಂದ ಕಿತ್ತುಬಂದವು. ಕೈಯಲ್ಲಿ ಹಿಡಿದು ಓದುವುದಂತೂ ಆಗದ ಮಾತು. ಪಕ್ಕದ ಹವ್ಯಕರ ಮನೆಯವರು ತಾವು ರಾಮಾಯಣ ಓದುವ ವ್ಯಾಸಪೀಠವನ್ನು ಕೊಟ್ಟರು, ಅದರ ಮೇಲಿಟ್ಟೇ ಓದಿದೆವು. ಕೊಳ್ಳುವವರು ಜೊತೆಗೆ ಅಂಥದೊಂದನ್ನು ಹೊಂದಿಸಿಕೊಳ್ಳಲಿ. ನಾವು ಎರವಲು ತಂದದ್ದನ್ನು ಇನ್ನೂ ಹಿಂದಿರುಗಿಸಿಲ್ಲ.