ಲ್ಯಾಪ್‌ಟಾಪ್ ಡ್ರೈವ್‌ನ ಬರ್ನಿಂಗ್ ದೋಷಗಳ ಪತ್ತೆಗೆ ಇಮ್ಗ್‌ಬರ್ನ್: ಒಂದು ವಿಮರ್ಶೆ

ಡಿಸ್ಕ್ ಬರ್ನ್ ಮಾಡಲು ಉಚಿತವಾಗಿ ಸಿಗುವ ವಿಂಡೋಸ್ ತಂತ್ರಾಂಶಗಳಲ್ಲಿ ಇಮ್ಗ್‌ಬರ್ನ್ ಬಹಳ ಹಳೆಯದು. 2005ರಲ್ಲಿ ಮೊದಲ ಸಲ ಬಿಡುಗಡೆಯಾದ ಇದರ 2.5.8.0 ಆವೃತ್ತಿ ಹೊರಬಂದದ್ದು 2013ರಲ್ಲಿ, ಇಂದಿಗೂ ಜನ ಬಳಸುತ್ತಿರುವುದು ಅದನ್ನೇ. ಇಷ್ಟು ಹಳೆಯ ತಂತ್ರಾಂಶವನ್ನು ಈಗ ವಿಮರ್ಶೆಗೆ ಎತ್ತಿಕೊಳ್ಳಲು ಕಾರಣವಿದೆ. ಡಿಸ್ಕ್ ಬರೆಯುವ ಕೆಲಸವನ್ನು ಯಾವ ತಂತ್ರಾಂಶವಾದರೂ ಮಾಡುತ್ತದೆ, ಎಲ್ಲವೂ ಸರಿಯಿದ್ದಾಗ ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರುವುದಿಲ್ಲ. ಬರವಣಿಗೆ ಅರ್ಧದಲ್ಲಿ ನಿಂತು ಡಿಸ್ಕ್ ಹಾಳಾದಾಗ, ತಪ್ಪು ಡಿಸ್ಕಿನದೋ ಡ್ರೈವಿನದೋ ಕೇಬಲ್ಲಿನದೋ ಎಂದು ಬಿಡಿಸಿ ಹೇಳುವ ತಂತ್ರಾಂಶ ಮಾತ್ರ ಅಪರೂಪ. ಇಮ್ಗ್‌ಬರ್ನ್‌ನ ಬೆಲೆ ಇರುವುದು ಅಲ್ಲಿ. ಅದರಲ್ಲೂ ಲ್ಯಾಪ್‌ಟಾಪ್‌ಗಳ ತೆಳುವಾದ ಡ್ರೈವ್‌ಗಳ ವಿಷಯದಲ್ಲಿ ಈ ಗುಣ ಎದ್ದು ಕಾಣುತ್ತದೆ.

ಮೇಜಿನ ಕಂಪ್ಯೂಟರಿನ ಡ್ರೈವ್‌ಗಿಂತ ಲ್ಯಾಪ್‌ಟಾಪ್ ಡ್ರೈವ್ ಬೇಗ ಕೈಕೊಡುವುದಕ್ಕೆ ಅದರ ರಚನೆಯೇ ಕಾರಣ. ದೊಡ್ಡ ಡ್ರೈವ್‌ನಲ್ಲಿ ಟ್ರೇ ಹೊರಬಂದರೂ ಲೆನ್ಸ್ ಮತ್ತು ಮೋಟಾರು ಒಳಗೇ ಉಳಿಯುತ್ತವೆ. ತೆಳು ಡ್ರೈವ್‌ನಲ್ಲಿ ಅವೆರಡೂ ಟ್ರೇಯ ಮೇಲೆಯೇ ಕೂತಿರುವುದರಿಂದ, ಟ್ರೇ ತೆರೆದಾಗಲೆಲ್ಲ ಲೆನ್ಸ್ ಧೂಳಿಗೂ ಬೆರಳಿಗೂ ತೆರೆದುಕೊಳ್ಳುತ್ತದೆ. ಡಿವಿಡಿಯನ್ನು ಇವು ಸಾಮಾನ್ಯವಾಗಿ 8 ಪಟ್ಟು ವೇಗದವರೆಗೆ, ಸಿಡಿಯನ್ನು 24 ಪಟ್ಟು ವೇಗದವರೆಗೆ ಬರೆಯಬಲ್ಲವು. ಮಾರುಕಟ್ಟೆಯಲ್ಲಿ ಸಿಗುವ ಖಾಲಿ ಡಿವಿಡಿಗಳಾದರೋ ಬಹುಪಾಲು 16 ಪಟ್ಟು ವೇಗಕ್ಕೆ ತಯಾರಾದವು. ಮುಂದೆ ಹೇಳಲಿರುವ ತೊಂದರೆಗಳಲ್ಲಿ ಕೆಲವು ಈ ಹೊಂದಾಣಿಕೆಯಿಲ್ಲದ ಜೋಡಿಯಿಂದಲೇ ಹುಟ್ಟುತ್ತವೆ.

ವಿಂಡೋಸ್‌ನಲ್ಲಿ ಮೊದಲೇ ಇರುವ ಬರ್ನಿಂಗ್ ಸೌಲಭ್ಯ ವಿಫಲವಾದಾಗ ಕೊಡುವ ಸಂದೇಶ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿರುತ್ತದೆ: ಡಿಸ್ಕ್ ಸರಿಯಿಲ್ಲದಿರಬಹುದು, ಬೇರೆ ಡಿಸ್ಕ್ ಹಾಕಿ ನೋಡಿ. ಇಮ್ಗ್‌ಬರ್ನ್ ಹಾಗಲ್ಲ. ಅದರ ಮುಖ್ಯ ಕಿಟಕಿಯ ಜೊತೆಗೆ ಲಾಗ್ ಎಂಬ ಇನ್ನೊಂದು ಕಿಟಕಿ ತೆರೆದುಕೊಳ್ಳುತ್ತದೆ. ಡ್ರೈವ್‌ನ ಹೆಸರು ಮತ್ತು ಅದರ ಫರ್ಮ್‌ವೇರ್ (ಡ್ರೈವ್‌ನ ಒಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ) ಆವೃತ್ತಿ, ಅದು ಸಾಟಾ (ಕಂಪ್ಯೂಟರಿನ ಒಳಗಿನ ಜೋಡಣೆ) ಮೂಲಕ ಜೋಡಿಸಿದೆಯೋ ಯುಎಸ್‌ಬಿ ಮೂಲಕವೋ ಎಂಬುದು, ಡಿಸ್ಕಿನ ಬಗೆ ಮತ್ತು ತಯಾರಕರ ಸಂಕೇತ, ಆ ಡಿಸ್ಕನ್ನು ಈ ಡ್ರೈವ್ ಯಾವ ಯಾವ ವೇಗದಲ್ಲಿ ಬರೆಯಲು ಒಪ್ಪುತ್ತದೆ ಎಂಬ ಪಟ್ಟಿ, ಇವೆಲ್ಲ ಗಂಟೆ ನಿಮಿಷ ಸೆಕೆಂಡಿನೊಡನೆ ಸಾಲುಸಾಲಾಗಿ ಅಲ್ಲಿ ದಾಖಲಾಗುತ್ತವೆ. ದೋಷ ಬಂದಾಗ ಅದರ ವಿವರಣೆಯ ಜೊತೆಗೆ ಸಂಖ್ಯಾರೂಪದ ಸಂಕೇತವೂ ಕಾಣುತ್ತದೆ. ಗಮನಿಸಬೇಕಾದದ್ದೆಂದರೆ ಈ ಸಂಕೇತ ತಂತ್ರಾಂಶ ತಾನಾಗಿ ಕಟ್ಟಿದ್ದಲ್ಲ. ಎಲ್ಲ ಆಪ್ಟಿಕಲ್ ಡ್ರೈವ್‌ಗಳೂ ಪಾಲಿಸುವ ಒಂದೇ ಮಾನದಂಡಕ್ಕೆ ಅನುಗುಣವಾಗಿ ಡ್ರೈವ್ ತಾನೇ ಹೇಳಿದ ಮಾತು ಅದು. ಆದ್ದರಿಂದ ಒಂದು ಡ್ರೈವ್‌ನಲ್ಲಿ ಕಲಿತ ಸಂಕೇತದ ಅರ್ಥ ಬೇರೆ ಕಂಪನಿಯ ಡ್ರೈವ್‌ಗೂ ಹೊಂದುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಕೇತ 73/03, ಅಂದರೆ ಪವರ್ ಕ್ಯಾಲಿಬ್ರೇಶನ್ ದೋಷ. ಬರೆಯುವುದಕ್ಕೆ ಮುಂಚೆ ಡ್ರೈವ್ ಡಿಸ್ಕಿನ ಒಳಅಂಚಿನಲ್ಲಿ ಇದಕ್ಕೆಂದೇ ಮೀಸಲಿಟ್ಟ ಜಾಗದಲ್ಲಿ ಲೇಸರನ್ನು ಬೇರೆ ಬೇರೆ ಶಕ್ತಿಯಲ್ಲಿ ಹಾಯಿಸಿ, ಯಾವ ಶಕ್ತಿಯಲ್ಲಿ ಡಿಸ್ಕಿನ ಬಣ್ಣದ ಪದರದ ಮೇಲೆ ಗುರುತು ಸ್ಪಷ್ಟವಾಗಿ ಮೂಡುತ್ತದೆ ಎಂದು ಪರೀಕ್ಷಿಸಿಕೊಳ್ಳುತ್ತದೆ. ಆ ಪರೀಕ್ಷೆಯಲ್ಲಿ ತೃಪ್ತಿಕರವಾದ ಶಕ್ತಿ ಸಿಗದೇ ಹೋದರೆ ಡ್ರೈವ್ ಮುಂದುವರಿಯಲು ಒಪ್ಪದೆ ಈ ಸಂಕೇತ ಕೊಡುತ್ತದೆ. ಲೆನ್ಸಿನ ಮೇಲೆ ಧೂಳಿದ್ದರೂ, ಲೇಸರ್ ವಯಸ್ಸಾಗಿ ಮಂಕಾಗಿದ್ದರೂ, ಡಿಸ್ಕಿನ ಪದರ ಕಳಪೆಯಾಗಿದ್ದರೂ ಫಲಿತಾಂಶ ಇದೇ. ಈ ಮೂರನ್ನು ಬೇರ್ಪಡಿಸಲು ನೆರವಾಗುವುದು ಲಾಗ್‌ನಲ್ಲಿರುವ ಡಿಸ್ಕ್ ಸಂಕೇತ. ಖಾಲಿ ಡಿಸ್ಕಿನಲ್ಲಿ ತಯಾರಿಕೆಯ ಹಂತದಲ್ಲೇ ಒಂದು ಗುರುತು ಅಚ್ಚಾಗಿರುತ್ತದೆ. ಉದಾಹರಣೆಗೆ ‘ಎಂಸಿಸಿ’ ಎಂದು ಆರಂಭವಾಗುವ ಸಂಕೇತ ಮಿತ್ಸುಬಿಷಿ ಕೆಮಿಕಲ್ ಸಂಸ್ಥೆಯನ್ನು ಸೂಚಿಸುತ್ತದೆ. ಡಬ್ಬಿಯ ಮೇಲಿನ ಬ್ರಾಂಡ್ ಹೆಸರು ಮತ್ತು ನಿಜವಾದ ತಯಾರಕರು ಬೇರೆಬೇರೆಯಾಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ಡ್ರೈವ್‌ನ ಫರ್ಮ್‌ವೇರ್ ಈ ಸಂಕೇತವನ್ನು ಓದಿ, ತನ್ನಲ್ಲಿರುವ ಪಟ್ಟಿಯಲ್ಲಿ ಆ ಡಿಸ್ಕಿಗೆ ತಕ್ಕ ಬರೆಯುವ ಕ್ರಮವನ್ನು ಹುಡುಕುತ್ತದೆ, ಸಿಗದಿದ್ದರೆ ಸಾಮಾನ್ಯ ಕ್ರಮವೊಂದನ್ನು ಅನುಸರಿಸುತ್ತದೆ.

ನಾನು ಬಳಸುವ ಲ್ಯಾಪ್‌ಟಾಪ್‌ನ ಡ್ರೈವ್ ಒಂದು ಡಬ್ಬಿಯ ಡಿವಿಡಿ-ಆರ್ ಡಿಸ್ಕ್‌ಗಳನ್ನು ಸಾಲಾಗಿ ಇದೇ ಸಂಕೇತದೊಡನೆ ತಿರಸ್ಕರಿಸಿತು. ಅದೇ ದಿನ, ಅದೇ ಲೆನ್ಸ್, ಬೇರೆ ತಯಾರಕರ ಡಿವಿಡಿ+ಆರ್ (ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿಯ ಇನ್ನೊಂದು ಬಗೆ) ಹಾಕಿದಾಗ ತಕರಾರಿಲ್ಲದೆ ಬರೆದು ಮುಗಿಸಿತು. ಲಾಗ್‌ಗಳೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಬದಲಾಗಿದ್ದದ್ದು ಡಿಸ್ಕಿನ ಬಗೆ ಮತ್ತು ಸಂಕೇತದ ಸಾಲು ಮಾತ್ರ. ಡ್ರೈವ್ ಸತ್ತಿದೆ ಎಂದು ತೀರ್ಮಾನಿಸಿ ಹೊಸದಕ್ಕೆ ಹಣ ತೆರುವ ಮುನ್ನ ಇಂಥ ಹೋಲಿಕೆ ಮಾಡಲೇಬೇಕು, ಮತ್ತು ಅದಕ್ಕೆ ಬೇಕಾದ ಪುರಾವೆ ಇಮ್ಗ್‌ಬರ್ನ್‌ನಲ್ಲಿ ತಾನಾಗಿಯೇ ಉಳಿಯುತ್ತದೆ. ಲ್ಯಾಪ್‌ಟಾಪ್ ತಯಾರಕರು ಡ್ರೈವ್‌ಗೆ ಹೊಸ ಫರ್ಮ್‌ವೇರ್ ಕೊಟ್ಟಿದ್ದರೆ ಹಾಕಿಕೊಳ್ಳುವುದು ಒಳಿತು, ಪಟ್ಟಿಗೆ ಹೊಸ ಡಿಸ್ಕ್‌ಗಳ ಕ್ರಮ ಸೇರುವುದು ಅದರ ಮೂಲಕವೇ. ಬರೆಯುವ ಮುನ್ನ ಶಕ್ತಿಯ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಿಸುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ. ಅಂಚಿನಲ್ಲಿ ತೂಗಾಡುವ ಡಿಸ್ಕ್‌ಗಳಿಗೆ ಒಮ್ಮೊಮ್ಮೆ ಅಷ್ಟೇ ಸಾಕಾಗುತ್ತದೆ.

ವೇಗದ ವಿಷಯದಲ್ಲಿ ಎಲ್ಲೆಡೆ ಕೇಳಿಬರುವ ಸಲಹೆ ‘ಆದಷ್ಟು ನಿಧಾನವಾಗಿ ಬರೆಯಿರಿ’ ಎಂಬುದು. ಇದನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. 16 ಪಟ್ಟು ವೇಗಕ್ಕೆ ರೂಪಿಸಿದ ಬಣ್ಣದ ಪದರಕ್ಕೆ ತೀರಾ ಕಡಿಮೆ ವೇಗ ಹೊಂದಲೇಬೇಕೆಂದಿಲ್ಲ, ತೆಳು ಡ್ರೈವ್‌ಗಳಲ್ಲಿ 8 ಪಟ್ಟು ವೇಗದ ಹೊರಅಂಚಿನ ಭಾಗದಲ್ಲಿ ದೋಷ ಹೆಚ್ಚುವುದೂ ಉಂಟು. ಲಾಗ್ ತೋರಿಸುವ ಪಟ್ಟಿಯಲ್ಲಿ 4 ಅಥವಾ 6 ಇದ್ದರೆ ಅಲ್ಲಿಂದ ಆರಂಭಿಸುವುದು ವಿವೇಕ. ಯಾವ ಸಂಕೇತದ ಡಿಸ್ಕಿಗೆ ಯಾವ ವೇಗ ಎಂದು ಒಮ್ಮೆ ನಮೂದಿಸಿಟ್ಟರೆ ತಂತ್ರಾಂಶ ಮುಂದೆ ತಾನೇ ಅದನ್ನು ಆರಿಸಿಕೊಳ್ಳುವ ಸೌಲಭ್ಯವೂ ಇದೆ.

ಬರೆಯುತ್ತಿರುವಾಗ ಕಿಟಕಿಯ ಕೆಳಭಾಗದಲ್ಲಿ ಕಾಣುವ ಎರಡು ಪಟ್ಟಿಗಳ ಮೇಲೆ ಕಣ್ಣಿಟ್ಟಿರಬೇಕು. ಒಂದು ತಂತ್ರಾಂಶದ ಬಫರ್ (ಬರೆಯಬೇಕಾದ ಮಾಹಿತಿ ಸರದಿಗಾಗಿ ಕಾಯುವ ತಾತ್ಕಾಲಿಕ ಜಾಗ), ಇನ್ನೊಂದು ಡ್ರೈವ್‌ನ ಒಳಗಿನ ಬಫರ್. ಡಿವಿಡಿಯ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ, 8 ಪಟ್ಟು ಎಂದರೆ ಸುಮಾರು 11 ಎಂಬಿ. ಈ ಹರಿವು ಕಡಿದರೆ ಮೊದಲ ಪಟ್ಟಿ ಇಳಿಯುತ್ತದೆ, ಹಾರ್ಡ್ ಡಿಸ್ಕ್ ಬೇರೆ ಕೆಲಸದಲ್ಲಿ ತೊಡಗಿದೆ ಎಂದು ಅರ್ಥ. ಆಗ ತಂತ್ರಾಂಶ ಬಫರ್ ತುಂಬುವವರೆಗೆ ಕಾಯುತ್ತಿದ್ದೇನೆ ಎಂದು ಲಾಗ್‌ನಲ್ಲಿ ಬರೆದು ತಡೆದು ನಿಲ್ಲುತ್ತದೆ. ಮೊದಲನೆಯದು ತುಂಬಿದ್ದು ಎರಡನೆಯದು ಮಾತ್ರ ಕುಸಿಯುತ್ತಿದ್ದರೆ ಕಂಪ್ಯೂಟರಿಗೂ ಡ್ರೈವ್‌ಗೂ ನಡುವಿನ ದಾರಿಯಲ್ಲಿ ತೊಡಕಿದೆ. ಇಂದಿನ ಡ್ರೈವ್‌ಗಳಲ್ಲಿ ಬಫರ್ ಬರಿದಾದರೆ ಡಿಸ್ಕ್ ಹಾಳಾಗದಂತೆ ತಡೆಯುವ ವ್ಯವಸ್ಥೆ ಇದ್ದೇ ಇದೆ, ಆದರೂ ಪದೇ ಪದೇ ನಿಂತು ಮುಂದುವರಿದ ಡಿಸ್ಕನ್ನು ಜೋಪಾನದ ಪ್ರತಿಯಾಗಿ ಇಟ್ಟುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಒಳಗಿನ ಡ್ರೈವ್ ಕೆಟ್ಟು ಯುಎಸ್‌ಬಿ ಡ್ರೈವ್‌ಗೆ ಬದಲಾದವರು ನೋಡುವ ದೋಷವೇ ಬೇರೆ: ಸೆಮಫೋರ್ ಅವಧಿ ಮುಗಿಯಿತು ಎಂಬ ಸಂದೇಶ. ತಂತ್ರಾಂಶ ಆಜ್ಞೆ ಕಳಿಸಿತು, ಉತ್ತರ ಬರಲಿಲ್ಲ ಎಂಬುದು ಅದರ ತಾತ್ಪರ್ಯ. ಇದು ಡ್ರೈವ್ ಹೇಳಿದ ಮಾತಲ್ಲ, ವಿಂಡೋಸ್ ಹೇಳಿದ್ದು. ಆದ್ದರಿಂದ ಡಿಸ್ಕ್ ಬದಲಿಸುತ್ತ ಕೂತರೆ ಪ್ರಯೋಜನವಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವ ವಿದ್ಯುತ್ತಿನ ಮಿತಿ 500 ಮಿಲಿಆಂಪಿಯರ್, 3.0 ಪೋರ್ಟ್‌ನದು 900. ಲೇಸರ್ ಬರೆಯುವ ಶಕ್ತಿಗೆ ಏರಿದಾಗ ಮತ್ತು ಮೋಟಾರು ವೇಗ ಹೆಚ್ಚಿಸಿದಾಗ ತೆಳು ಡ್ರೈವ್‌ಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು. ಓದುವಾಗ ಸರಿಯಾಗಿದ್ದ ಡ್ರೈವ್ ಬರೆಯುವಾಗ ಮಾತ್ರ ಕಣ್ಮರೆಯಾಗುವುದು ಹೀಗೆ. ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸುವುದು, ಎರಡು ಪೋರ್ಟ್‌ಗಳಿಂದ ವಿದ್ಯುತ್ ಎಳೆಯುವ ಕವಲು ಕೇಬಲ್ ಬಳಸುವುದು, ಬ್ಯಾಟರಿಯ ಬದಲು ಚಾರ್ಜರ್ ಹಾಕಿಟ್ಟು ವಿದ್ಯುತ್ ಉಳಿತಾಯದ ಸೆಟ್ಟಿಂಗನ್ನು ಸಡಿಲಿಸುವುದು, ಇಷ್ಟರಲ್ಲೇ ಹೆಚ್ಚಿನವರ ತೊಂದರೆ ತೀರುತ್ತದೆ.

ಸಿಡಿಗಳನ್ನು ಚೆನ್ನಾಗಿ ಬರೆದು ಡಿವಿಡಿಗಳಲ್ಲಿ ಮಾತ್ರ ಸೋಲುವ ಡ್ರೈವ್‌ಗಳನ್ನು ಕಂಡು ಜನ ತಬ್ಬಿಬ್ಬಾಗುತ್ತಾರೆ. ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650 ನ್ಯಾನೊಮೀಟರ್ ತರಂಗದೂರದ ಲೇಸರ್ ಬೇಕಾಗುತ್ತದೆ. ಒಂದು ಸೋತರೂ ಇನ್ನೊಂದು ಗಟ್ಟಿಯಾಗಿಯೇ ಇರಬಹುದು. ಎರಡೂ ಬಗೆಯ ಡಿಸ್ಕ್‌ಗಳಲ್ಲಿ ಡ್ರೈವ್ ತಡವರಿಸಿ, ಟ್ರ್ಯಾಕ್ ಹಿಂಬಾಲಿಸಲು ಆಗುತ್ತಿಲ್ಲ ಎಂಬ 09/00 ಸಂಕೇತ ಬರುತ್ತಿದ್ದರೆ ಲೆನ್ಸ್ ಒರೆಸಿ ನೋಡಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತುಸುವೇ ಒದ್ದೆಮಾಡಿದ ಹತ್ತಿಕಡ್ಡಿಯಿಂದ, ಭಾರ ಹಾಕದೆ, ಒಮ್ಮೆ ತಿರುಗಿಸಿದರೆ ಸಾಕು. ಲೆನ್ಸ್ ಕೂತಿರುವ ತಂತಿಗಳು ಅತಿ ಸೂಕ್ಷ್ಮ, ಅವು ಬಾಗಿದರೆ ಆ ಡ್ರೈವ್‌ನ ಕಥೆ ಮುಗಿಯಿತು. ಬ್ರಷ್ ಅಂಟಿಸಿರುವ ಕ್ಲೀನರ್ ಡಿಸ್ಕ್‌ಗಳನ್ನು ನಾನು ಶಿಫಾರಸು ಮಾಡಲಾರೆ.

ವಿಂಡೋಸ್ ಡ್ರೈವನ್ನೇ ಗುರುತಿಸದಿದ್ದರೆ ಅಥವಾ ಗುರುತಿಸಿದರೂ ಬರೆಯಲು ಬಿಡದಿದ್ದರೆ, ಹಿಂದೆ ಹಾಕಿ ತೆಗೆದ ಬೇರೆ ಬರ್ನಿಂಗ್ ತಂತ್ರಾಂಶಗಳು ಬಿಟ್ಟುಹೋದ ಫಿಲ್ಟರ್ ಡ್ರೈವರ್‌ಗಳ (ವಿಂಡೋಸ್‌ಗೂ ಡ್ರೈವ್‌ಗೂ ನಡುವೆ ಕೂರುವ ಸಣ್ಣ ತಂತ್ರಾಂಶಗಳು) ಮೇಲೆ ಸಂಶಯಪಡಬೇಕು. ಇವು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅಪ್ಪರ್ ಫಿಲ್ಟರ್ಸ್, ಲೋಯರ್ ಫಿಲ್ಟರ್ಸ್ ಎಂಬ ಹೆಸರಿನಲ್ಲಿ ಉಳಿದಿರುತ್ತವೆ. ಇಮ್ಗ್‌ಬರ್ನ್‌ನ ಟೂಲ್ಸ್ ಮೆನುವಿನಲ್ಲಿ ಇವುಗಳ ಸಾಲನ್ನು ತೋರಿಸುವ ಸೌಲಭ್ಯವಿರುವುದರಿಂದ ರಿಜಿಸ್ಟ್ರಿಗೆ ಕೈಹಾಕುವ ಮುನ್ನ ಪರಿಸ್ಥಿತಿ ಏನೆಂದು ತಿಳಿಯುತ್ತದೆ.

ಬರೆದಾದ ಮೇಲೆ ತಾಳೆ ನೋಡುವ ವೆರಿಫೈ ಹಂತವನ್ನು ಸಮಯ ಉಳಿಸಲೆಂದು ಬಿಡಬಾರದು. ಇಲ್ಲಿ ಲ್ಯಾಪ್‌ಟಾಪ್‌ನವರಿಗೆ ಒಂದು ಸಣ್ಣ ಕಿರಿಕಿರಿ ಕಾದಿರುತ್ತದೆ. ಬರೆದ ಡಿಸ್ಕನ್ನು ಹೊಸದಾಗಿ ಗುರುತಿಸುವಂತೆ ಮಾಡಲು ತಂತ್ರಾಂಶ ಟ್ರೇಯನ್ನು ಒಮ್ಮೆ ಹೊರದೂಡಿ ಒಳಗೆಳೆಯಲು ಹೇಳುತ್ತದೆ. ತೆಳು ಡ್ರೈವ್‌ಗಳಲ್ಲಿ ಟ್ರೇಯನ್ನು ಒಳಗೆಳೆಯುವ ಮೋಟಾರು ಇಲ್ಲ. ಹೀಗಾಗಿ ಟ್ರೇ ಹೊರಗೆ ಚಾಚಿಕೊಂಡು, ಯಾರಾದರೂ ಬಂದು ಕೈಯಿಂದ ತಳ್ಳುವವರೆಗೆ ಕೆಲಸ ನಿಂತಿರುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದವರು ಬೆಳಿಗ್ಗೆ ಇದನ್ನು ದೋಷವೆಂದೇ ತಿಳಿಯುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆಯನ್ನು ತೆಗೆದುಹಾಕಬಹುದು. ಡಿಸ್ಕ್ ಹಾಳುಮಾಡದೆ ಪರೀಕ್ಷಿಸುವ ಟೆಸ್ಟ್ ಮೋಡ್ ಸಿಡಿ ಮತ್ತು ಡಿವಿಡಿ-ಆರ್ ಬಗೆಗಳಿಗೆ ಉಂಟು, ಡಿವಿಡಿ+ಆರ್ ಮಾನದಂಡದಲ್ಲೇ ಅದು ಇಲ್ಲ.

ಕೊರತೆಗಳೂ ಇವೆ. ತೆರೆಯ ವಿನ್ಯಾಸ ಹಳೆಯದು, ಸೆಟ್ಟಿಂಗ್ಸ್‌ನ ಕಾಡಿನಲ್ಲಿ ಹೊಸಬರು ದಾರಿ ತಪ್ಪುವುದು ಸಹಜ. 2.5.8.0ರ ಮೂಲ ಇನ್‌ಸ್ಟಾಲರ್ ಜೊತೆಗೆ ಬೇರೆ ತಂತ್ರಾಂಶಗಳನ್ನು ಸೇರಿಸಿಕೊಳ್ಳುವ ಜಾಹೀರಾತು ಘಟಕವಿತ್ತು. ಪ್ರತಿ ಪುಟದ ಟಿಕ್ ಗುರುತುಗಳನ್ನು ಓದಿಯೇ ಮುಂದೆ ಹೋಗಬೇಕು. ಬರೆದ ಡಿಸ್ಕಿನ ಗುಣಮಟ್ಟವನ್ನು ದೋಷಗಳ ಎಣಿಕೆಯಿಂದ ಅಳೆಯುವ ವ್ಯವಸ್ಥೆ ಇದರಲ್ಲಿಲ್ಲ. ವೆರಿಫೈ ಹೇಳುವುದು ಈ ಡ್ರೈವ್ ಈ ಡಿಸ್ಕನ್ನು ಈ ಹೊತ್ತಿನಲ್ಲಿ ಓದಬಲ್ಲದು ಎಂದಷ್ಟೇ. ಲಿನಕ್ಸ್ ಬಳಸುವವರಿಗೆ ಕೆ3ಬಿ ಇದೆ, ಅದೂ ಬರವಣಿಗೆಯ ವಿವರಗಳನ್ನು ಮುಚ್ಚಿಡದೆ ತೋರಿಸುತ್ತದೆ.

ಬೇರೆ ಬೇರೆ ತಯಾರಕರ ಡಿಸ್ಕ್‌ಗಳು, ಕಡಿಮೆ ವೇಗ, ಶುಚಿಯಾದ ಲೆನ್ಸ್, ಇವೆಲ್ಲದರ ನಂತರವೂ ಲಾಗ್‌ನಲ್ಲಿ ಅದೇ ಸಂಕೇತ ಬರುತ್ತಿದ್ದರೆ ಡ್ರೈವ್ ಬದಲಿಸುವುದೊಂದೇ ದಾರಿ. ಕೊಳ್ಳುವ ಮುನ್ನ ಹಳೆಯದರ ದಪ್ಪ ಅಳೆಯಬೇಕು. ಲ್ಯಾಪ್‌ಟಾಪ್ ಡ್ರೈವ್‌ಗಳು 12.7 ಮತ್ತು 9.5 ಮಿಲಿಮೀಟರ್ ಅಳತೆಗಳಲ್ಲಿ ಬರುತ್ತವೆ, ದಪ್ಪನೆಯದು ತೆಳುವಿನ ಗೂಡಿಗೆ ಹೋಗುವುದಿಲ್ಲ. ಮುಂಭಾಗದ ಪ್ಲಾಸ್ಟಿಕ್ ಪಟ್ಟಿ ಮತ್ತು ಹಿಂಬದಿಯ ಲೋಹದ ಹಿಡಿಕೆ ಆಯಾ ಲ್ಯಾಪ್‌ಟಾಪ್‌ಗೇ ಮೀಸಲಾದ್ದರಿಂದ, ಹಳೆಯ ಡ್ರೈವನ್ನು ಎಸೆಯುವ ಮುಂಚೆ ಅವೆರಡನ್ನೂ ಬಿಚ್ಚಿ ಹೊಸದಕ್ಕೆ ಕೂರಿಸಿಕೊಳ್ಳಬೇಕು.